ಪೊರೆಯ ಕೊಳೆ ಮತ್ತು ಲಾಗ್ ಪುಸ್ತಕದ ಅಂಕಿಗಳು

ಶಿವಾಜಿನಗರದ ವಸತಿಗೃಹವಾಗಲಿ, ಇಂದಿರಾನಗರದ ನೂರಡಿ ರಸ್ತೆಯ ವಾಣಿಜ್ಯ ಸಂಕೀರ್ಣವಾಗಲಿ, ನೆಲಮಾಳಿಗೆಯ ವಾಹನ ನಿಲುಗಡೆಯ ಕಟ್ಟಕಡೆಯ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಕಬ್ಬಿಣದ ಬಾಗಿಲಿರುತ್ತದೆ. ಒಳಗೆ ಬ್ಲೋವರ್‌ಗಳ ಸದ್ದು, ಕಂದು ಬಣ್ಣದ ನೀರು ಕುದಿಯುತ್ತಿರುವಂತೆ ಕಾಣುವ ತೊಟ್ಟಿ, ಮೇಜಿನ ಮೇಲೊಂದು ಲಾಗ್ ಪುಸ್ತಕ. ಕಟ್ಟಡದ ಮಾಲೀಕರು ಈ ಕೋಣೆಗೆ ಬರುವುದು ಎರಡೇ ಸಂದರ್ಭಗಳಲ್ಲಿ: ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಬಂದಾಗ ಮತ್ತು ಮೆಂಬ್ರೇನ್ ಬದಲಾಯಿಸಬೇಕೆಂದು ನಿರ್ವಹಣಾ ಗುತ್ತಿಗೆದಾರರು ಅಂದಾಜುಪಟ್ಟಿ ಕಳುಹಿಸಿದಾಗ. ಎರಡನೆಯ ಸಂದರ್ಭದಲ್ಲಿ ಮಾಲೀಕರ ಮುಂದೆ ಇರುವ ಪ್ರಶ್ನೆ ಸರಳವಾದದ್ದು. ಪೊರೆ ನಿಜವಾಗಿಯೂ ಮುಗಿದಿದೆಯೇ, ಅಥವಾ ಸರಿಯಾಗಿ ತೊಳೆದರೆ ಇನ್ನೆರಡು ವರ್ಷ ಬಾಳುವುದೇ? ಲಕ್ಷಾಂತರ ರೂಪಾಯಿಗಳ ಈ ಪ್ರಶ್ನೆಗೆ ಬೇಕಾದ ಉತ್ತರ ಬಹಳಷ್ಟು ಸಂದರ್ಭಗಳಲ್ಲಿ ಆ ಮೇಜಿನ ಮೇಲಿನ ಪುಸ್ತಕದಲ್ಲಿಯೇ ಇರುತ್ತದೆ. ಅದನ್ನು ಓದುವ ವಿಧಾನ ತಿಳಿದಿರಬೇಕಷ್ಟೆ.

ಕಟ್ಟಡದೊಳಗೇ ಕೊಳಚೆ ನೀರನ್ನು ಸಂಸ್ಕರಿಸುವ ಪದ್ಧತಿ ಬೆಂಗಳೂರಿಗೆ ಹೊಸದಲ್ಲ. ದೊಡ್ಡ ವಸತಿ ಸಮುಚ್ಚಯಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 2004ರಿಂದಲೇ ಸ್ವಂತ ಸಂಸ್ಕರಣಾ ಘಟಕವನ್ನು ಕಡ್ಡಾಯಗೊಳಿಸಿತು. ಹೋಟೆಲು, ಆಸ್ಪತ್ರೆ, ಮಾಲು, ಕಾರ್ಖಾನೆಗಳೂ ಸಮ್ಮತಿಪತ್ರದ ಷರತ್ತಿನ ಮೂಲಕ ಈ ವ್ಯಾಪ್ತಿಗೆ ಬಂದವು. ಇಂದು ನಗರದಲ್ಲಿ ಇಂತಹ ಖಾಸಗಿ ಘಟಕಗಳ ಸಂಖ್ಯೆ ಸಾವಿರಗಳಲ್ಲಿದೆ. ದಂಡು ಪ್ರದೇಶ ಹಾಗೂ ಪೂರ್ವ ಬಡಾವಣೆಗಳಲ್ಲಿ ಚದರಡಿಗೆ ತೆರಬೇಕಾದ ಬೆಲೆ ಎಲ್ಲರಿಗೂ ತಿಳಿದದ್ದೇ. ಹೀಗಾಗಿ ಕಡಿಮೆ ಜಾಗದಲ್ಲಿ ಕೆಲಸ ಮಾಡುವ ಮೆಂಬ್ರೇನ್ ಬಯೋ ರಿಯಾಕ್ಟರ್, ಅಂದರೆ ಎಂಬಿಆರ್ ಪದ್ಧತಿಗೆ ಇಲ್ಲಿ ವಿಶೇಷ ಬೇಡಿಕೆ ಬಂದುದು ಸ್ವಾಭಾವಿಕ.

ನೀರು ಹರಿದು ಹೋಗುವ ದಾರಿಯೂ ಈ ಭಾಗದ ಉದ್ಯಮಿಗಳಿಗೆ ಅಪರಿಚಿತವಲ್ಲ. ಹಲಸೂರು ಕೆರೆಯಿಂದ ಹೊರಟ ನೀರು ಚಲ್ಲಘಟ್ಟ ಕಣಿವೆಯ ಮೂಲಕ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಸೇರಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಕೆ.ಆರ್.ಪುರದ ಕಡೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ನೀರೂ ಕೊನೆಗೆ ಅದೇ ನದಿಗೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಬೆಳ್ಳಂದೂರು ಕೆರೆಯ ನೊರೆ ಮತ್ತು 2017, 2018ರ ಬೆಂಕಿ ದೇಶದಾದ್ಯಂತ ಸುದ್ದಿಯಾದವು. ಕೇಂದ್ರ ಪರಿಸರ ಸಚಿವಾಲಯವು 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯು ಮಹಾನಗರಗಳ ಕೊಳಚೆ ಸಂಸ್ಕರಣಾ ಘಟಕಗಳಿಗೆ ಬಿಒಡಿ ಮಿತಿಯನ್ನು ಲೀಟರಿಗೆ 20 ಮಿಲಿಗ್ರಾಂ ಎಂದು ನಿಗದಿಪಡಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರ ಏಪ್ರಿಲ್‌ನಲ್ಲಿ ಇದನ್ನು ಸಡಿಲವೆಂದು ಕಂಡು, 10 ಮಿಲಿಗ್ರಾಂ ಇರಬೇಕೆಂದು ಆದೇಶಿಸಿತು. ಇಷ್ಟು ಬಿಗಿಯಾದ ಮಿತಿಯನ್ನು ಸಣ್ಣ ಜಾಗದಲ್ಲಿ ಮುಟ್ಟಬೇಕಾದಾಗ ಪೊರೆಯ ಪದ್ಧತಿಯ ಕಡೆಗೆ ಸಲಹೆಗಾರರು ಬೆರಳು ತೋರಿಸುತ್ತಾರೆ. ಆದರೆ ಅದರ ನಿರ್ವಹಣೆಯ ಹೊರೆಯನ್ನು ಮಾರಾಟದ ವೇಳೆ ಅಷ್ಟೇ ಒತ್ತಿ ಹೇಳುವವರು ವಿರಳ.

ಪೊರೆ ಮಾಡುವ ಕೆಲಸ

ಸಾಂಪ್ರದಾಯಿಕ ಘಟಕದಲ್ಲಿ ಸೂಕ್ಷ್ಮಜೀವಿಗಳು ಕೊಳಚೆಯನ್ನು ತಿಂದು ಬೆಳೆದು, ಮುಂದಿನ ತೊಟ್ಟಿಯಲ್ಲಿ ಕೆಸರಾಗಿ ತಳಕ್ಕಿಳಿಯುತ್ತವೆ. ಮೇಲಿನ ತಿಳಿನೀರು ಹೊರಗೆ ಹರಿಯುತ್ತದೆ. ಕೆಸರು ತಳಕ್ಕಿಳಿಯಲು ಸ್ಥಳವೂ ಬೇಕು, ಸಮಯವೂ ಬೇಕು. ಎಂಬಿಆರ್‌ನಲ್ಲಿ ಈ ಎರಡನೆಯ ತೊಟ್ಟಿಯೇ ಇಲ್ಲ. ಕೆಸರು ತುಂಬಿದ ತೊಟ್ಟಿಯೊಳಗೇ ನವಿರಾದ ಟೊಳ್ಳು ಎಳೆಗಳ ಕಟ್ಟನ್ನಾಗಲಿ ಚಪ್ಪಟೆ ಹಾಳೆಗಳನ್ನಾಗಲಿ ಮುಳುಗಿಸಿ, ಪಂಪಿನಿಂದ ಮೆಲ್ಲನೆ ಹೀರುತ್ತಾರೆ. ಪೊರೆಯ ರಂಧ್ರಗಳು ಒಂದು ಮಿಲಿಮೀಟರಿನ ಹತ್ತುಸಾವಿರದ ಒಂದು ಭಾಗದ ಆಸುಪಾಸಿನಲ್ಲಿರುವುದರಿಂದ ಬ್ಯಾಕ್ಟೀರಿಯಾಗಳು ಒಳಗೇ ಉಳಿದು ಸ್ವಚ್ಛ ನೀರು ಮಾತ್ರ ಹೊರಬರುತ್ತದೆ. ಸಾಂಪ್ರದಾಯಿಕ ತೊಟ್ಟಿಯಲ್ಲಿ ಲೀಟರಿಗೆ ಮೂರು ನಾಲ್ಕು ಗ್ರಾಂ ಕೆಸರಿದ್ದರೆ ಇಲ್ಲಿ ಎಂಟರಿಂದ ಹನ್ನೆರಡು ಗ್ರಾಂವರೆಗೆ ಇರಿಸಬಹುದು. ಅದೇ ಕೆಲಸ ಚಿಕ್ಕ ತೊಟ್ಟಿಯಲ್ಲಿ ಮುಗಿಯುವುದರ ಗುಟ್ಟು ಇದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಡಾರ್ ಆಲಿವರ್ ಕಂಪನಿ ಆರಂಭಿಸಿದ ಈ ವಿಧಾನಕ್ಕೆ ವ್ಯಾಪಾರೀ ಜೀವ ಬಂದುದು 1989ರಲ್ಲಿ, ಜಪಾನಿನ ಕಜುವೊ ಯಮಾಮೊಟೊ ಮತ್ತು ಸಂಗಡಿಗರು ಪೊರೆಯನ್ನು ತೊಟ್ಟಿಯೊಳಗೇ ಮುಳುಗಿಸಿ ತೋರಿಸಿದ ಮೇಲೆ. ಅದಕ್ಕೂ ಮೊದಲು ಕೆಸರನ್ನು ಹೊರಗಿನ ಪೊರೆಯತ್ತ ರಭಸದಿಂದ ತಳ್ಳಬೇಕಾಗಿದ್ದುದರಿಂದ ವಿದ್ಯುತ್ ಬಿಲ್ಲು ತಾಳಲಾರದಷ್ಟಾಗುತ್ತಿತ್ತು.

ಜರಡಿಯಲ್ಲಿ ಹಿಟ್ಟು ಸೋಸಿದವರಿಗೆಲ್ಲ ಮುಂದಿನ ಸಮಸ್ಯೆ ತಾನಾಗಿಯೇ ಹೊಳೆಯುತ್ತದೆ. ತಡೆಹಿಡಿದ ವಸ್ತು ಎಲ್ಲಿಗೆ ಹೋಗಬೇಕು? ಪೊರೆಯ ಮೈಮೇಲೆ ಕೆಸರು ಪದರವಾಗಿ ಕೂರುತ್ತದೆ; ಇದು ಗಾಳಿಗುಳ್ಳೆಗಳ ಉಜ್ಜಾಟಕ್ಕೆ, ಹಿಮ್ಮುಖ ತೊಳೆತಕ್ಕೆ ಬಿಟ್ಟುಹೋಗುವ ಕೊಳೆ. ಸೂಕ್ಷ್ಮಜೀವಿಗಳು ಸ್ರವಿಸುವ ಲೋಳೆಯಂತಹ ಸಕ್ಕರೆ ಹಾಗೂ ಪ್ರೊಟೀನುಗಳು ರಂಧ್ರದೊಳಗೇ ಅಂಟಿಕೊಳ್ಳುತ್ತವೆ; ಇದಕ್ಕೆ ಸೋಡಿಯಂ ಹೈಪೋಕ್ಲೋರೈಟ್ ಬೇಕು. ಗಡಸು ಬೋರ್‌ವೆಲ್ ನೀರು ಬಳಸುವ ಕಟ್ಟಡಗಳಲ್ಲಿ ಸುಣ್ಣದ ಅಂಶ ಹರಳುಗಟ್ಟುತ್ತದೆ. ಇದಕ್ಕೆ ಸಿಟ್ರಿಕ್ ಆಮ್ಲವೇ ಮದ್ದು. ಇವೆಲ್ಲಕ್ಕೂ ಜಗ್ಗದೆ ವರ್ಷದಿಂದ ವರ್ಷಕ್ಕೆ ಉಳಿದುಹೋಗುವ ಒಂದು ಭಾಗವೂ ಉಂಟು. ಪೊರೆಯ ಆಯುಷ್ಯವನ್ನು ನಿರ್ಧರಿಸುವುದು ಈ ಕೊನೆಯ ಭಾಗ. ನಿರ್ವಾಹಕರ ಬಾಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, 'ಚೋಕ್'. ಆ ಒಂದು ಪದದೊಳಗೆ ನಾಲ್ಕು ಬೇರೆ ಬೇರೆ ರೋಗಗಳು ಅಡಗಿರುವುದೇ ಅನೇಕ ತಪ್ಪು ನಿರ್ಧಾರಗಳಿಗೆ ಮೂಲ.

ಒಂದು ಲೆಕ್ಕ

ಅಳೆಯಬೇಕಾದವು ಮುಖ್ಯವಾಗಿ ಎರಡು. ಒಂದು ಚದರ ಮೀಟರ್ ಪೊರೆಯ ಮೂಲಕ ಗಂಟೆಗೆ ಎಷ್ಟು ಲೀಟರ್ ಹೊರಬರುತ್ತದೆ ಎಂಬುದು ಮೊದಲನೆಯದು. ಇದನ್ನು ಫ್ಲಕ್ಸ್ ಎನ್ನುತ್ತಾರೆ. ಅಷ್ಟು ನೀರನ್ನು ಹೀರಲು ಪೊರೆಯ ಎರಡು ಬದಿಗಳ ನಡುವೆ ಎಷ್ಟು ಒತ್ತಡದ ಅಂತರ ಬೇಕು ಎಂಬುದು ಎರಡನೆಯದು. ಇದು ಬಾರ್ ಲೆಕ್ಕದಲ್ಲಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು ಪಾರಗಮ್ಯತೆ. ಪೊರೆಯ ಆರೋಗ್ಯವನ್ನು ಒಂದೇ ಅಂಕಿಯಲ್ಲಿ ಹೇಳಬೇಕಾದರೆ ಇದೇ ಆ ಅಂಕಿ.

ಉದಾಹರಣೆಗಾಗಿ ಒಂದು ಹೋಟೆಲಿನ ಘಟಕವನ್ನು ಊಹಿಸಿಕೊಳ್ಳಬಹುದು. ದಿನಕ್ಕೆ 60,000 ಲೀಟರ್, 20 ಗಂಟೆಗಳ ಓಟ, 200 ಚದರ ಮೀಟರ್ ಪೊರೆ. ಗಂಟೆಗೆ 3,000 ಲೀಟರ್ ಆಯಿತು, ಅದನ್ನು 200ರಿಂದ ಭಾಗಿಸಿದರೆ ಫ್ಲಕ್ಸ್ 15. ಒತ್ತಡ 0.10 ಬಾರ್ ಇದ್ದರೆ ಪಾರಗಮ್ಯತೆ 150. ಮೂರು ತಿಂಗಳ ನಂತರ ಒತ್ತಡ 0.15ಕ್ಕೆ ಏರಿದ್ದರೆ ಪಾರಗಮ್ಯತೆ 100ಕ್ಕೆ ಇಳಿದಿದೆ ಎಂದರ್ಥ. ಇನ್ನೊಂದು ಸನ್ನಿವೇಶವೂ ಸಾಧ್ಯ: ಒತ್ತಡ 0.10ರಲ್ಲೇ ನಿಂತಿದೆ, ಆದರೆ ಹೊರಬರುವ ನೀರು ಗಂಟೆಗೆ 2,000 ಲೀಟರಿಗೆ ಇಳಿದಿದೆ. ಪಾರಗಮ್ಯತೆ ಇಲ್ಲಿಯೂ 100. ಒತ್ತಡದ ಮಾಪಕವನ್ನಷ್ಟೇ ನೋಡುವವರಿಗೆ ಮೊದಲನೆಯದು ರೋಗವಾಗಿ, ಎರಡನೆಯದು ಆರೋಗ್ಯವಾಗಿ ಕಾಣುತ್ತದೆ.

ಈ ಲೆಕ್ಕಕ್ಕೆ ಉಷ್ಣತೆಯ ತಿದ್ದುಪಡಿಯೊಂದನ್ನು ಸೇರಿಸಲೇಬೇಕು. ನೀರು ಬೆಚ್ಚಗಾದಂತೆ ತೆಳ್ಳಗಾಗುತ್ತದೆ. 22 ಡಿಗ್ರಿಯಲ್ಲಿರುವ ನೀರಿಗಿಂತ 30 ಡಿಗ್ರಿಯ ನೀರಿನ ಸ್ನಿಗ್ಧತೆ ಸುಮಾರು ಶೇಕಡ 16ರಷ್ಟು ಕಡಿಮೆ. ಜನವರಿಯಲ್ಲಿ 0.12 ಬಾರ್ ಬೇಕಾಗಿದ್ದ ಅದೇ ಪೊರೆ, ಅದೇ ಫ್ಲಕ್ಸ್‌ಗೆ, ಏಪ್ರಿಲ್‌ನಲ್ಲಿ ತೊಟ್ಟಿಯ ನೀರು 30 ಡಿಗ್ರಿಗೆ ಏರಿದ್ದರೆ 0.10 ಬಾರ್‌ನಲ್ಲೇ ಕೆಲಸ ಮಾಡಬಹುದು. ಗುತ್ತಿಗೆದಾರರು ಮಾರ್ಚ್‌ನಲ್ಲಿ ತೊಳೆದು 'ಸುಧಾರಿಸಿದೆ' ಎಂದು ತೋರಿಸುವ ಪಟ್ಟಿಯಲ್ಲಿ ಎಷ್ಟು ಭಾಗ ರಾಸಾಯನಿಕದ್ದು, ಎಷ್ಟು ಭಾಗ ಬೇಸಿಗೆಯದು ಎಂದು ಕೇಳುವ ಹಕ್ಕು ಮಾಲೀಕರಿಗಿದೆ. ವ್ಯತಿರಿಕ್ತವಾಗಿ, ಡಿಸೆಂಬರಿನಲ್ಲಿ ಒತ್ತಡ ಸ್ವಲ್ಪ ಏರಿದ ಕೂಡಲೇ ತೊಳೆಯುವ ಅವಸರವೂ ಬೇಕಿಲ್ಲ. ಎಲ್ಲ ದಿನಗಳ ಅಂಕಿಯನ್ನೂ 20 ಡಿಗ್ರಿಗೆ ಪರಿವರ್ತಿಸಿ ಬರೆಯುವುದು ಅಂಗೀಕೃತ ಪದ್ಧತಿ. ತೊಟ್ಟಿಯಲ್ಲಿ ಒಂದು ಥರ್ಮಾಮೀಟರ್, ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ, ಇಷ್ಟರಿಂದ ಸಾಧ್ಯವಾಗುವ ಕೆಲಸ.

ಷೆವಾರ್ಟರ ನಕ್ಷೆ ನೆಲಮಾಳಿಗೆಗೆ

ಅಂಕಿಗಳು ದಿನದಿನಕ್ಕೂ ಮೇಲೆ ಕೆಳಗೆ ಆಗುತ್ತಲೇ ಇರುತ್ತವೆ. ಯಾವ ಏರಿಳಿತ ಸಹಜ, ಯಾವುದು ಎಚ್ಚರಿಕೆಯ ಗಂಟೆ? ಕಾರ್ಖಾನೆಗಳ ಮಟ್ಟಿಗೆ ಈ ಪ್ರಶ್ನೆಗೆ 1924ರಲ್ಲಿ ಅಮೆರಿಕದ ವಾಲ್ಟರ್ ಷೆವಾರ್ಟ್ ಉತ್ತರ ಕೊಟ್ಟರು; ನಿಯಂತ್ರಣ ನಕ್ಷೆ ಹುಟ್ಟಿದ್ದು ಆಗ. ಪ್ರಶಾಂತ ಚಂದ್ರ ಮಹಲನೋಬಿಸ್ ಅವರ ಆಹ್ವಾನದ ಮೇರೆಗೆ 1947-48ರಲ್ಲಿ ಷೆವಾರ್ಟ್ ಭಾರತಕ್ಕೇ ಬಂದು ಗುಣಮಟ್ಟ ನಿಯಂತ್ರಣದ ಬೀಜ ಬಿತ್ತಿದರು. ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಗುಣಮಟ್ಟ ನಿಯಂತ್ರಣಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಎಚ್‌ಎಎಲ್‌ಗೋ ದೂರವಾಣಿನಗರದ ಐಟಿಐಗೋ ಬಿಡಿಭಾಗ ಪೂರೈಸಿದ ಹಳೆಯ ಸಣ್ಣ ಉದ್ಯಮಿಗಳಿಗೆ ಈ ನಕ್ಷೆ ಅಪರಿಚಿತವಲ್ಲ. ಲೇತಿನ ಪಕ್ಕದಲ್ಲಿ ತೂಗುಹಾಕಿದ್ದನ್ನು ಕೊಳಚೆ ಘಟಕದ ಗೋಡೆಗೂ ತೂಗುಹಾಕಬಹುದೆಂಬುದು ಮಾತ್ರ ಹೆಚ್ಚಿನವರಿಗೆ ಹೊಳೆದಂತಿಲ್ಲ.

ವಿಧಾನ ಇಷ್ಟು. ಪೂರ್ಣ ರಾಸಾಯನಿಕ ತೊಳೆತವಾದ ಮೇಲಿನ ಇಪ್ಪತ್ತು ಇಪ್ಪತ್ತೈದು ದಿನಗಳ ತಿದ್ದಿದ ಪಾರಗಮ್ಯತೆಯನ್ನು ಬರೆದುಕೊಳ್ಳಬೇಕು. ಒಂದು ದಿನಕ್ಕೂ ಮರುದಿನಕ್ಕೂ ಇರುವ ವ್ಯತ್ಯಾಸಗಳ ಸರಾಸರಿ ತೆಗೆದು 2.66ರಿಂದ ಗುಣಿಸಬೇಕು. ಸರಾಸರಿ ಪಾರಗಮ್ಯತೆ 148, ದಿನದಿನದ ವ್ಯತ್ಯಾಸದ ಸರಾಸರಿ 3 ಎಂದಾದರೆ ಮಿತಿಯು ಎರಡೂ ಕಡೆ ಸುಮಾರು 8. ಅಂದರೆ 140ರಿಂದ 156ರವರೆಗಿನ ಏರಿಳಿತ ಸಹಜ. ಒಂದು ದಿನ 138 ಬಂದರೆ ಕಾರಣ ಹುಡುಕಬೇಕು.

ಆದರೆ ಲೇತಿಗೂ ಪೊರೆಗೂ ಒಂದು ವ್ಯತ್ಯಾಸವಿದೆ. ಪೊರೆ ದಿನೇ ದಿನೇ ಸ್ವಲ್ಪ ಕೊಳೆಯಾಗುವುದು ಸಹಜವೇ ಆದುದರಿಂದ ಮಟ್ಟಸವಾದ ಗೆರೆ ಎಳೆದರೆ ಕೆಲವೇ ವಾರಗಳಲ್ಲಿ ಎಲ್ಲ ದಿನಗಳೂ ತಪ್ಪಿತಸ್ಥ ದಿನಗಳಾಗುತ್ತವೆ. ಇಳಿಜಾರಾದ ಗೆರೆಯೇ ಇಲ್ಲಿ ಸರಿ. ಪಾರಗಮ್ಯತೆ 150ರಿಂದ ಹೊರಟು ವಾರಕ್ಕೆ 1.5ರಷ್ಟು ಇಳಿಯುತ್ತಿದ್ದರೆ, ತೊಳೆಯುವ ಮಟ್ಟವೆಂದು ನಿಗದಿಪಡಿಸಿದ 90ನ್ನು ಮುಟ್ಟಲು 40 ವಾರಗಳು. ಆ ಇಳಿಜಾರಿನ ಎರಡೂ ಬದಿಗೆ ಮಿತಿ ಎಳೆದು, ಅದರಿಂದ ಹೊರಬಿದ್ದ ದಿನಗಳನ್ನು ಮಾತ್ರ ವಿಚಾರಿಸಬೇಕು. ಇಂದಿನ ಅಂಕಿ ನಿನ್ನೆಯದನ್ನು ಬಹುಮಟ್ಟಿಗೆ ಹಿಂಬಾಲಿಸುವುದೆಂಬ ಇನ್ನೊಂದು ತೊಡಕೂ ಇದೆ. ಆ ಕಾರಣಕ್ಕೆ ಸಾಮಾನ್ಯ ಸೂತ್ರದ ಮಿತಿ ಬೇಕಾದುದಕ್ಕಿಂತ ಬಿಗಿಯಾಗಿ ಹುಸಿ ಎಚ್ಚರಿಕೆಗಳು ಬರಬಹುದು. ಒಂದೇ ದಿನದ ಬಿಂದುವಿಗೆ ಗಾಬರಿಯಾಗದೆ ಎರಡು ಮೂರು ದಿನ ಒಂದೇ ಕಡೆಗೆ ಜಾರಿದಾಗ ಎಚ್ಚೆತ್ತುಕೊಳ್ಳುವುದು ರೂಢಿಯ ಜಾಣತನ.

ನಿಧಾನದ ಈ ಇಳಿಕೆಯು ಕೊನೆಯವರೆಗೂ ನಿಧಾನವಾಗಿಯೇ ಇರುತ್ತದೆಂಬ ಭರವಸೆಯಿಲ್ಲ. ತಿಂಗಳುಗಟ್ಟಲೆ ಮೆಲ್ಲನೆ ಏರಿದ ಒತ್ತಡ ಕೆಲವೇ ದಿನಗಳಲ್ಲಿ ಜಿಗಿದುಬಿಡುವುದು ಎಂಬಿಆರ್‌ನ ಕುಖ್ಯಾತ ಗುಣ. ಕಾರಣ ಅರಿಯಲು ಟಿನ್ ಫ್ಯಾಕ್ಟರಿ ವೃತ್ತದ ಸಂಜೆಯ ವಾಹನ ಸಂದಣಿಯನ್ನು ನೆನೆದರೆ ಸಾಕು. ಒಂದು ಪಥ ಮುಚ್ಚಿದರೆ ಅಲ್ಲಿನ ವಾಹನಗಳು ಉಳಿದ ಪಥಗಳಿಗೆ ನುಗ್ಗುತ್ತವೆ, ಅವೂ ಕಟ್ಟಿಕೊಳ್ಳುತ್ತವೆ. ಪೊರೆಯ ಒಂದು ಭಾಗ ಮುಚ್ಚಿದಾಗ ಪಂಪು ಅದೇ ಪ್ರಮಾಣದ ನೀರನ್ನು ಉಳಿದ ಭಾಗದಿಂದ ಹೀರುತ್ತದೆ. ಅಲ್ಲಿನ ಫ್ಲಕ್ಸ್ ಏರುತ್ತದೆ. ಪ್ರತಿ ಪೊರೆಗೂ, ಪ್ರತಿ ಕೆಸರಿಗೂ ಒಂದು ಮಿತಿ ಫ್ಲಕ್ಸ್ ಉಂಟೆಂದೂ ಅದರ ಕೆಳಗೆ ಕೊಳೆ ನಿಧಾನವೆಂದೂ 1995ರಲ್ಲಿ ರಾಬರ್ಟ್ ಫೀಲ್ಡ್ ಮತ್ತು ಸಂಗಡಿಗರು ಪ್ರತಿಪಾದಿಸಿದ್ದರು. ಉಳಿದ ಭಾಗವು ಆ ಮಿತಿಯನ್ನು ದಾಟಿದ ಕ್ಷಣ ಎಲ್ಲವೂ ಒಟ್ಟಿಗೆ ಕಟ್ಟಿಕೊಳ್ಳುತ್ತದೆ. ಆದುದರಿಂದ 40 ವಾರ ಎಂಬ ಲೆಕ್ಕವನ್ನು ಗರಿಷ್ಠವೆಂದು ತಿಳಿಯಬೇಕೇ ಹೊರತು ಖಾತರಿಯೆಂದಲ್ಲ. ಇಳಿಜಾರು ಕಡಿದಾಗುತ್ತಿರುವುದು ಕಂಡ ವಾರವೇ ತೊಳೆಯುವುದು ಲಾಭದಾಯಕ. ಜಿಗಿತದ ನಂತರ ತೊಳೆದ ಪೊರೆ ಮೊದಲಿನ ಮಟ್ಟಕ್ಕೆ ಮರಳುವುದು ಕಷ್ಟ.

ಮೊಹರಂನಿಂದ ಸೆಪ್ಟೆಂಬರ್ ಜಾತ್ರೆಯವರೆಗೆ

ಕೊಳೆಗೆ ಕಾರಣ ಯಾವುದೆಂದು ಪತ್ತೆ ಹಚ್ಚುವುದು ಇನ್ನೂ ಸೂಕ್ಷ್ಮವಾದ ಕೆಲಸ. ಪ್ರಪಂಚದ ಪ್ರಯೋಗಾಲಯಗಳೇ ಇಲ್ಲಿ ಒಮ್ಮತಕ್ಕೆ ಬಂದಿಲ್ಲ. ಸೂಕ್ಷ್ಮಜೀವಿಗಳ ಸ್ರಾವಗಳೇ ಮುಖ್ಯ ಅಪರಾಧಿಯೆಂದು ಒಂದು ಗುಂಪಿನ ಪ್ರಬಂಧಗಳು ಸಂಬಂಧಾಂಕ ತೋರಿಸಿದರೆ, ಅಂತಹ ಸಂಬಂಧವೇ ಕಾಣಲಿಲ್ಲವೆಂದು ಇನ್ನೊಂದು ಗುಂಪು ಹೇಳಿತು. ಜರ್ಮನಿಯ ಆನ್ಯಾ ಡ್ರೂಸ್ 2010ರಲ್ಲಿ ಪ್ರಕಟಿಸಿದ ಸಮೀಕ್ಷಾ ಪ್ರಬಂಧವು ಈ ವೈರುಧ್ಯಗಳನ್ನು ಶೀರ್ಷಿಕೆಯಲ್ಲಿಯೇ ಒಪ್ಪಿಕೊಂಡಿತು. ಘಟಕದಿಂದ ಘಟಕಕ್ಕೆ ಕೆಸರು, ಪೊರೆ, ಓಡಿಸುವ ರೀತಿ ಎಲ್ಲವೂ ಬೇರೆ. ಒಂದರಲ್ಲಿ ಕಂಡ ಸಂಬಂಧ ಇನ್ನೊಂದಕ್ಕೆ ವರ್ಗವಾಗುವುದಿಲ್ಲ. ಸಲಹೆಗಾರರು ಎಲ್ಲಿಂದಲೋ ತಂದ ಸಮೀಕರಣಕ್ಕಿಂತ ಸ್ವಂತ ಘಟಕದ ಒಂದು ವರ್ಷದ ಪುಸ್ತಕಕ್ಕೆ ಬೆಲೆ ಹೆಚ್ಚು.

ದಂಡು ಪ್ರದೇಶದ ಹೋಟೆಲುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಅಡುಗೆಮನೆಯ ಎಣ್ಣೆ ಜಿಡ್ಡು ಪೊರೆಯ ಪರಮ ಶತ್ರು. ಜಿಡ್ಡು ತಡೆಯುವ ತೊಟ್ಟಿಯನ್ನು ಸಕಾಲದಲ್ಲಿ ಖಾಲಿ ಮಾಡದಿದ್ದರೆ ಅದು ನೇರವಾಗಿ ಪೊರೆಯನ್ನು ಸೇರುತ್ತದೆ. ರಂಜಾನ್ ತಿಂಗಳಲ್ಲಿ ಶಿವಾಜಿನಗರ ಹಾಗೂ ಫ್ರೇಜರ್ ಟೌನಿನ ಮಸೀದಿ ರಸ್ತೆಯ ಒಲೆಗಳು ರಾತ್ರಿಯಿಡೀ ಉರಿಯುತ್ತವೆ. ಸೆಪ್ಟೆಂಬರ್ 8ರ ಸಂತ ಮೇರಿಯ ಹಬ್ಬದ ಮುನ್ನಾ ದಿನಗಳಲ್ಲಿ ಬಸಿಲಿಕಾದ ಸುತ್ತಲಿನ ವಸತಿಗೃಹಗಳು ತುಂಬಿರುತ್ತವೆ. ಮದುವೆಯ ಮುಹೂರ್ತಗಳ ಕಾಲದಲ್ಲಿ ಕಲ್ಯಾಣ ಮಂಟಪಗಳ ಕತೆಯೂ ಇದೇ. ಈಗ ಒಬ್ಬ ಮಾಲೀಕರು ಕಳೆದ ವರ್ಷದ ಏಪ್ರಿಲ್‌ನೊಂದಿಗೆ ಈ ವರ್ಷದ ಏಪ್ರಿಲನ್ನು ಹೋಲಿಸಿ 'ಹೊಸ ಗುತ್ತಿಗೆದಾರರು ಬಂದ ಮೇಲೆ ಸುಧಾರಿಸಿದೆ' ಎಂದು ನಿರ್ಣಯಿಸಿದರೆ ಅದು ಸರಿಯೇ? ಚಾಂದ್ರಮಾನದ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2016ರಲ್ಲಿ ಜೂನ್ ಜುಲೈನಲ್ಲಿದ್ದದ್ದು 2024ರಲ್ಲಿ ಮಾರ್ಚ್ ಏಪ್ರಿಲ್‌ಗೆ ಬಂತು. 2025ರಲ್ಲಿ ಮಾರ್ಚ್ ತಿಂಗಳೊಳಗೇ ಮುಗಿಯಿತು. ಅಂದರೆ 2024ರ ಏಪ್ರಿಲ್‌ನಲ್ಲಿ ಜಿಡ್ಡಿನ ಭಾರವಿತ್ತು, 2025ರ ಏಪ್ರಿಲ್‌ನಲ್ಲಿ ಇರಲಿಲ್ಲ. ಇದರ ಯಶಸ್ಸು ಗುತ್ತಿಗೆದಾರರದಲ್ಲ, ಪಂಚಾಂಗದ್ದು. ಸಾಲದೆಂಬಂತೆ ಬೇಸಿಗೆಯಲ್ಲಿ ಬಿದ್ದ ರಂಜಾನ್‌ನಲ್ಲಿ ಬೆಚ್ಚನೆಯ ನೀರು ಒತ್ತಡವನ್ನು ತಗ್ಗಿಸಿ, ಜಿಡ್ಡಿನ ಪರಿಣಾಮವನ್ನು ಮರೆಮಾಚುತ್ತದೆ. ಉಷ್ಣತೆಯ ತಿದ್ದುಪಡಿ ಮಾಡದವರಿಗೆ ಎಲ್ಲವೂ ಕ್ಷೇಮವಾಗಿ ಕಂಡು, ಮಳೆಗಾಲದ ತಂಪು ಬಂದಾಗ ಪೆಟ್ಟು ಬೀಳುತ್ತದೆ. ಇಂತಹ ದಿನಗಳನ್ನು ಪುಸ್ತಕದಲ್ಲಿ ಪ್ರತ್ಯೇಕವಾಗಿ ಗುರುತಿಸಲು ಒಂದು ಅಂಕಣವಿರಬೇಕು. ಮೊಹರಂನ ರಜೆಯಿಂದ ಹಿಡಿದು ಕ್ರಿಸ್‌ಮಸ್‌ವರೆಗೆ ವ್ಯಾಪಾರದ ಏರಿಳಿತವನ್ನು ಗಲ್ಲಾಪೆಟ್ಟಿಗೆಯಲ್ಲಿ ಬಲ್ಲ ವರ್ತಕರು ಅದನ್ನೇ ಕೊಳಚೆಯ ಪುಸ್ತಕಕ್ಕೂ ದಾಟಿಸಿದರೆ ಸಾಕು.

ಬಹುಚಲಕ ಹಿಂಚಲನ ಎಂಬ ದೊಡ್ಡ ಹೆಸರಿನ ವಿಶ್ಲೇಷಣೆಯನ್ನು ಹಲವು ಸಲಹಾ ಸಂಸ್ಥೆಗಳು ವರದಿಯಲ್ಲಿ ಸೇರಿಸುತ್ತವೆ. ತಿಂಗಳಿಗೊಂದರಂತೆ ಹನ್ನೆರಡು ಪ್ರಯೋಗಾಲಯ ವರದಿಗಳು, ಅವುಗಳಲ್ಲಿ ಐದಾರು ಚಲಕಗಳು. ಹನ್ನೆರಡು ಬಿಂದುಗಳಿಗೆ ಆರು ಚಲಕಗಳನ್ನು ಹೊಂದಿಸಿದರೆ ಗೆರೆ ಬಹು ಸುಂದರವಾಗಿ ಕೂರುತ್ತದೆ. ಮುಂದಿನ ತಿಂಗಳನ್ನು ಊಹಿಸುವಲ್ಲಿ ಮಾತ್ರ ಸೋಲುತ್ತದೆ. ಕೆಸರಿನ ಸಾಂದ್ರತೆ ಹಾಗೂ ಅದರ ಅಂಟುಗುಣ ಒಟ್ಟೊಟ್ಟಿಗೆ ಏರುವುದರಿಂದ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಲೂ ಆಗದು. ವರದಿ ಕೊಟ್ಟವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಲೆಕ್ಕಕ್ಕೆ ಸೇರಿಸದೆ ಬದಿಗಿಟ್ಟ ತಿಂಗಳುಗಳ ಮೇಲೆ ಈ ಸೂತ್ರ ಎಷ್ಟು ಸರಿಯಾಗಿ ನಡೆಯಿತು?

ಇದಕ್ಕಿಂತ ಅಗ್ಗದ, ನಂಬಲರ್ಹ ಮಾರ್ಗ ಅನೇಕ ಘಟಕಗಳಲ್ಲಿ ಕೈಗೆಟುಕುವಂತಿದೆ. ಪೊರೆಯ ಸಾಲುಗಳು ಎರಡಿದ್ದರೆ ಒಂದೇ ಕೆಸರು, ಒಂದೇ ಉಷ್ಣತೆ, ಒಂದೇ ಹಬ್ಬ ಎರಡಕ್ಕೂ. ಒಂದರಲ್ಲಿ ಹತ್ತು ನಿಮಿಷ ಹೀರಿ ಒಂದು ನಿಮಿಷ ವಿಶ್ರಾಂತಿ, ಇನ್ನೊಂದರಲ್ಲಿ ಎಂಟು ನಿಮಿಷಕ್ಕೆ ಒಂದು ನಿಮಿಷ. ಎರಡು ವಾರದ ನಂತರ ಅದಲು ಬದಲು. ಹೀಗೆ ನಾಲ್ಕೈದು ಸುತ್ತು ನಡೆಸಿ, ಪ್ರತಿ ಸುತ್ತಿನ ಇಳಿಕೆಯ ವ್ಯತ್ಯಾಸವನ್ನು ಬರೆದರೆ ಎಲ್ಲ ಸುತ್ತುಗಳಲ್ಲೂ ಒಂದೇ ಕಡೆ ಗೆಲ್ಲುತ್ತಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ವಿಶ್ರಾಂತಿ ಹೆಚ್ಚಾದ ಸಾಲು ಅಷ್ಟೇ ನೀರು ಕೊಡಬೇಕಾದರೆ ಹೀರುವ ಹೊತ್ತಿನಲ್ಲಿ ಫ್ಲಕ್ಸ್ ಸ್ವಲ್ಪ ಏರುವುದೆಂಬುದನ್ನು ಮರೆಯಬಾರದು. ಲಾಭ ನಷ್ಟಗಳ ತೂಕ ಅಲ್ಲೇ ಇದೆ. ಉಜ್ಜುಗಾಳಿಯ ಪ್ರಮಾಣವನ್ನೂ ಹೀಗೆಯೇ ಪರೀಕ್ಷಿಸಬಹುದು. ಎಂಬಿಆರ್‌ನ ವಿದ್ಯುತ್ ಬಳಕೆಯಲ್ಲಿ ಬ್ಲೋವರ್‌ಗಳದೇ ಸಿಂಹಪಾಲು. ಗಾಳಿ ಕಡಿಮೆ ಮಾಡಿಯೂ ಇಳಿಜಾರು ಬದಲಾಗದಿದ್ದರೆ ಆ ಉಳಿತಾಯ ನೇರವಾಗಿ ಲಾಭದ ಖಾತೆಗೆ.

ಪುಸ್ತಕವೇ ಸುಳ್ಳಾದರೆ

ಮೇಲಿನ ಎಲ್ಲ ಲೆಕ್ಕಗಳೂ ಅಂಕಿಗಳು ನಿಜವೆಂಬ ನಂಬಿಕೆಯ ಮೇಲೆ ನಿಂತಿವೆ. ವಾಸ್ತವದಲ್ಲಿ ತಿಂಗಳಿಡೀ ಒತ್ತಡ 0.20, ಪಿಎಚ್ 7.5, ಕ್ಲೋರಿನ್ 0.5 ಎಂದು ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಬರೆದ ಪುಸ್ತಕಗಳು ಅಪರೂಪವಲ್ಲ. ಹನ್ನೆರಡು ತಾಸಿನ ಪಾಳಿಯಲ್ಲಿ ಒಬ್ಬನೇ ದುಡಿಯುವ, ಆ ಅಂಕಿಗಳನ್ನು ಯಾರೂ ಓದುವುದಿಲ್ಲವೆಂದು ಅರಿತ ನಿರ್ವಾಹಕನನ್ನು ಮಾತ್ರ ದೂರಿ ಫಲವಿಲ್ಲ. ಸುಳ್ಳನ್ನು ಪತ್ತೆ ಮಾಡುವುದೂ ಸಂಖ್ಯಾಶಾಸ್ತ್ರಕ್ಕೆ ಸುಲಭ. ನಿಜವಾದ ಮಾಪನದಲ್ಲಿ ಕೊನೆಯ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಸರಿಸುಮಾರು ಸಮನಾಗಿ ಬರುತ್ತದೆ. ಎಲ್ಲವೂ ಸೊನ್ನೆ ಇಲ್ಲವೇ ಐದರಲ್ಲಿ ಕೊನೆಗೊಂಡರೆ ಅದು ಅಂದಾಜು. ಏರಿಳಿತವೇ ಇಲ್ಲದ ಸಾಲು ಅತಿ ಏರಿಳಿತದ ಸಾಲಿಗಿಂತ ಹೆಚ್ಚು ಸಂಶಯಾಸ್ಪದ. ಭಾನುವಾರ ಜನರಿಲ್ಲದ ಕಚೇರಿ ಕಟ್ಟಡದಲ್ಲಿ ಭಾನುವಾರವೂ ಅದೇ ಹರಿವು ದಾಖಲಾಗಿದ್ದರೆ ಹೇಳಬೇಕಾದುದೇನೂ ಉಳಿಯುವುದಿಲ್ಲ. ಒತ್ತಡ ಹಾಗೂ ಹರಿವಿನ ಮಾಪಕಗಳನ್ನು ತಾವೇ ದಾಖಲಿಸಿಕೊಳ್ಳುವ ಸಣ್ಣ ಯಂತ್ರಗಳು ಪೊರೆಯ ಬೆಲೆಯ ಮುಂದೆ ನಗಣ್ಯ ಖರ್ಚಿನವು. ಅದೂ ಸಾಧ್ಯವಾಗದಲ್ಲಿ ವಾರಕ್ಕೊಮ್ಮೆ ವ್ಯವಸ್ಥಾಪಕರು ಮೊಬೈಲಿನಲ್ಲಿ ಮಾಪಕದ ಚಿತ್ರ ತೆಗೆದು ಪುಸ್ತಕದೊಂದಿಗೆ ತಾಳೆ ನೋಡಬಹುದು.

ಖಾಸಗಿ ಘಟಕಗಳ ಯಶಸ್ಸು ವೈಫಲ್ಯಗಳ ಕುರಿತು ಪ್ರಿಯಾಂಕಾ ಕುಟ್ಟುವ, ಶರಚ್ಚಂದ್ರ ಲೇಲೆ ಮತ್ತು ಗೇಬ್ರಿಯೆಲಾ ಮೆಂಡೆಸ್ ಬೆಂಗಳೂರನ್ನೇ ಅಧ್ಯಯನ ಮಾಡಿ 2018ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಯಂತ್ರದ ಆಯ್ಕೆಯಷ್ಟೇ ಅಲ್ಲದೆ ವೆಚ್ಚ, ನೀರಿನ ಬೆಲೆ, ಮೇಲ್ವಿಚಾರಣೆಗಳನ್ನೂ ಒಟ್ಟಿಗೆ ನೋಡಬೇಕಾದ ವಿಷಯವಿದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ನೀರಿನ ಬೆಲೆ ಎಲ್ಲರಿಗೂ ಅರಿವಾಯಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಘೋಷಿಸಿತು. ಅದೇ ವರ್ಷ ಸಂಸ್ಕರಿಸಿದ ನೀರಿನ ಅರ್ಧದಷ್ಟನ್ನು ಹೊರಗಿನವರಿಗೆ ಮಾರಲು ವಸತಿ ಸಮುಚ್ಚಯಗಳಿಗೆ ಸರ್ಕಾರ ಅವಕಾಶ ಕೊಟ್ಟಿತು. ಪೊರೆಯಿಂದ ಹೊರಬರುವ ನೀರು ಇಂದು ಬರೀ ಷರತ್ತಿನ ಪಾಲನೆಯಾಗಿ ಉಳಿದಿಲ್ಲ. ಟ್ಯಾಂಕರಿನ ಬಿಲ್ಲನ್ನು ಇಳಿಸುವ ಸರಕಾಗಿದೆ.

ಬದಲಾಯಿಸುವ ಮೊದಲು

ಅಂದಾಜುಪಟ್ಟಿ ಕೈಸೇರಿದಾಗ ಮೊದಲು ನೋಡಬೇಕಾದುದು ಪ್ರತಿ ಪೂರ್ಣ ತೊಳೆತದ ಮರುದಿನದ ಪಾರಗಮ್ಯತೆ. ನಡುವಿನ ದಿನಗಳನ್ನೆಲ್ಲ ಬಿಟ್ಟು ಈ ಶಿಖರಗಳನ್ನು ಮಾತ್ರ ಜೋಡಿಸಿದರೆ ಮರಳಿ ಬಾರದ ಕೊಳೆಯ ನಿಜವಾದ ಚಿತ್ರ ಸಿಗುತ್ತದೆ. 150, 147, 145, 142 ಎಂದು ಇಳಿಯುತ್ತಿದ್ದರೆ ಪೊರೆಗೆ ಇನ್ನೂ ಆಯುಷ್ಯವಿದೆ. ನಡುವೆ ಬೇಗ ಚೋಕ್ ಆಗುತ್ತಿರುವುದಕ್ಕೆ ಕಾರಣವನ್ನು ಜಿಡ್ಡಿನ ತೊಟ್ಟಿಯಲ್ಲೋ, ಬ್ಲೋವರ್‌ನಲ್ಲೋ, ತೊಟ್ಟಿಯಿಂದ ಹೊರಹಾಕದೆ ಗಟ್ಟಿಯಾದ ಕೆಸರಿನಲ್ಲೋ ಹುಡುಕಬೇಕು. 150, 120, 92 ಎಂದು ಕುಸಿಯುತ್ತಿದ್ದರೆ ಬದಲಾವಣೆಯ ಮಾತಿಗೆ ಅರ್ಥವಿದೆ. ಆದರೂ ಹೈಪೋಕ್ಲೋರೈಟ್ ಮಾತ್ರ ಬಳಸಿದ್ದಾರೆಯೇ, ಆಮ್ಲದ ತೊಳೆತವೂ ಆಗಿದೆಯೇ ಎಂದು ವಿಚಾರಿಸಬೇಕು. ಬೋರ್‌ವೆಲ್ ನೀರಿನ ಕಟ್ಟಡದಲ್ಲಿ ಸುಣ್ಣದ ಹರಳಿಗೆ ಹೈಪೋಕ್ಲೋರೈಟ್ ಸುರಿದರೆ ಹಣವೂ ವ್ಯರ್ಥ, ಪೊರೆಯೂ ಸವೆಯುತ್ತದೆ.

ಸವೆತಕ್ಕೂ ಲೆಕ್ಕವಿದೆ. 500 ಪಿಪಿಎಂ ದ್ರಾವಣದಲ್ಲಿ ಎರಡು ಗಂಟೆ ನೆನೆಸಿದರೆ 1,000 ಪಿಪಿಎಂ ಗಂಟೆಗಳು ಖರ್ಚಾದವು. ಪೊರೆಯ ಜೀವಮಾನಕ್ಕೆ ಇಂತಿಷ್ಟು ಪಿಪಿಎಂ ಗಂಟೆಗಳೆಂದು ತಯಾರಕರು ಕೈಪಿಡಿಯಲ್ಲಿ ಮಿತಿ ಕೊಡುತ್ತಾರೆ. ಇದನ್ನು ಬ್ಯಾಂಕಿನ ಪಾಸ್‌ಪುಸ್ತಕದಂತೆ ಕೂಡುತ್ತ ಹೋದ ಘಟಕದವರಿಗೆ, ಖಾತರಿ ಅವಧಿಯೊಳಗೆ ಪೊರೆ ಹರಿದಾಗ ತಯಾರಕರೊಂದಿಗೆ ವಾದಿಸಲು ದಾಖಲೆ ಇರುತ್ತದೆ, ಉಳಿದವರಿಗೆ ಇರುವುದಿಲ್ಲ. ಹೈಪೋಕ್ಲೋರೈಟ್ ಹಾಗೂ ಆಮ್ಲವನ್ನು ಒಂದೇ ತೊಟ್ಟಿಯಲ್ಲಿ, ನಡುವೆ ಚೆನ್ನಾಗಿ ನೀರು ಹಾಯಿಸದೆ ಬಳಸಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಗಾಳಿಯಾಡದ ನೆಲಮಾಳಿಗೆಯಲ್ಲಿ ಅದು ಪ್ರಾಣಾಂತಕ. ಪೊರೆಯ ಕಟ್ಟನ್ನು ಪರೀಕ್ಷಿಸುವ ನೆಪದಲ್ಲಿ ಕೆಲಸಗಾರರನ್ನು ರಕ್ಷಣಾ ಸಾಧನಗಳಿಲ್ಲದೆ ತೊಟ್ಟಿಗಿಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧವೆಂಬುದು ಗುತ್ತಿಗೆದಾರರಷ್ಟೇ ಅಲ್ಲ, ಮಾಲೀಕರೂ ತಿಳಿದಿರಬೇಕಾದ ಸಂಗತಿ.

ಇಷ್ಟಾದರೂ ಸಂಶಯ ಉಳಿದರೆ, ಎಲ್ಲ ಕಟ್ಟುಗಳನ್ನೂ ಒಮ್ಮೆಗೇ ತರಿಸುವ ಬದಲು ಒಂದನ್ನು ಮಾತ್ರ ಹೊರತೆಗೆದು, ಕೆಲವು ಎಳೆಗಳನ್ನು ಕತ್ತರಿಸಿ ಪ್ರಯೋಗಾಲಯಕ್ಕೆ ಕಳುಹಿಸುವ ಕ್ರಮವಿದೆ. ಎಳೆಯ ಮೇಲಿರುವುದು ಸುಣ್ಣವೇ, ಜಿಡ್ಡೇ, ಜೈವಿಕ ಲೋಳೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಆ ಒಂದು ಕಟ್ಟಿನ ಜಾಗಕ್ಕೆ ಹೊಸದನ್ನು ಹಾಕಿ ಹಳೆಯವುಗಳ ಪಕ್ಕದಲ್ಲಿಯೇ ಮೂರು ತಿಂಗಳು ಓಡಿಸಿದರೆ, ಹೊಸದೂ ಹಳೆಯದರಷ್ಟೇ ವೇಗವಾಗಿ ಕಟ್ಟಿಕೊಳ್ಳುತ್ತದೆಯೇ ಎಂಬುದು ಗೊತ್ತಾಗುತ್ತದೆ. ಹಾಗೆ ಕಟ್ಟಿಕೊಂಡರೆ ದೋಷ ಪೊರೆಯದಲ್ಲ. ಉಳಿದ ಕಟ್ಟುಗಳ ಆರ್ಡರನ್ನು ತಡೆಹಿಡಿಯಬಹುದು.